ದಾನಕ್ಕಾಗಿ ವಾಪಸು ಬಂದ ಮಂಚ

ನಾನು ಮೂವತ್ತೊಂದು ವರ್ಷ ಸರ್ಕಾರದ ಸಾಮಾನು ಕಾಯ್ದವನು. ರಾಜಾಜಿನಗರದಲ್ಲಿ ಒಂದು ತರಬೇತಿ ಕೇಂದ್ರ, ಅದರ ಹಿಂಬದಿಗೆ ಶೀಟು ಹೊದಿಸಿದ ಉದ್ದನೆಯ ಉಗ್ರಾಣ, ಉಗ್ರಾಣದ ಬಾಗಿಲಿಗೆ ಅಡ್ಡವಾಗಿ ಒಂದು ಮೇಜು, ಮೇಜಿನ ಹಿಂದೆ ನಾನು. ಕಾಯುವುದೆಂದರೆ ಕಳ್ಳರಿಂದ ಎಂದು ತಿಳಿಯಬೇಡಿ. ನಮ್ಮ ಸಾಮಾನು ಕದಿಯುವಷ್ಟು ಗತಿಗೆಟ್ಟ ಕಳ್ಳ ಮಾಗಡಿ ರಸ್ತೆಯ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ನಾನು ಕಾಯುತ್ತಿದ್ದುದು ಆ ಸಾಮಾನು ಯಾರಿಗೂ ಉಪಯೋಗಕ್ಕೆ ಬಾರದಂತೆ. ಕೊರಗಿನಿಂದ ಹೇಳುತ್ತಿಲ್ಲ, ಕೆಲಸವೇ ಅದಾಗಿತ್ತು.

ಕೇಂದ್ರದಲ್ಲಿ ಹಿಂದೆ ಒಂದು ಹಾಸ್ಟೆಲ್ ಇತ್ತು. ಅದನ್ನು ಮುಚ್ಚಿದಾಗ ಅಲ್ಲಿದ್ದುದೆಲ್ಲ ನನ್ನ ಪಾಲಿಗೆ ಬಂತು: ಕಬ್ಬಿಣದ ಬೀರುಗಳು, ಊಟದ ಮೇಜುಗಳು, ಕಾಯಿಲೆಯವರ ಕೋಣೆಯ ನಾಲ್ಕು ಗಾಲಿಕುರ್ಚಿ ಮತ್ತು ಒಂದು ಆಸ್ಪತ್ರೆ ಮಂಚ. ಕಾಲ ಬುಡದಲ್ಲಿರುವ ಹಿಡಿಯನ್ನು ತಿರುಗಿಸಿದರೆ ತಲೆಯ ಭಾಗ ಮೇಲೇಳುವ ಜಾತಿಯ ಮಂಚ. ಹಾಸ್ಟೆಲಿನ ಹುಡುಗರು ಎಷ್ಟು ಗಟ್ಟಿಗರಾಗಿದ್ದರೆಂದರೆ, ಖರೀದಿಸಿದ ದಿನದಿಂದ ಅದರ ಮೇಲೆ ಯಾರೂ ಕಾಯಿಲೆ ಬಿದ್ದಿರಲಿಲ್ಲ. ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ.

ಸರ್ಕಾರಿ ಸಾಮಾನಿಗೆ ಹುಟ್ಟು ಸುಲಭ, ಮೋಕ್ಷ ಕಷ್ಟ. ಕುರ್ಚಿಯ ಕಾಲು ಮುರಿದು ಸೌದೆಯಾದರೂ ರಿಜಿಸ್ಟರಿನಲ್ಲಿ ಅದು ನಾಲ್ಕು ಕಾಲಿನ ಮೇಲೆಯೇ ನಿಂತಿರುತ್ತದೆ. ಅದನ್ನು ಅಲ್ಲಿಂದ ಬಿಡಿಸಲು ಮೂವರು ಅಧಿಕಾರಿಗಳ ಸಮಿತಿ ಬೇಕು, ಆ ಮೂವರೂ ಒಂದೇ ದಿನ ಒಂದೇ ಕೋಣೆಯಲ್ಲಿ ಸೇರಬೇಕು. ಗ್ರಹಣವಾದರೆ ಪಂಚಾಂಗದಲ್ಲಿ ಮೊದಲೇ ತಿಳಿಯುತ್ತದೆ. ಇದಕ್ಕೆ ಪಂಚಾಂಗವೂ ಇಲ್ಲ.

ಹೀಗಿರುವಾಗ ಒಂದು ಸುತ್ತೋಲೆ ಬಂತು. ಕಚೇರಿಗಳಲ್ಲಿ ಹೆಚ್ಚುವರಿಯಾಗಿ ಉಳಿದ, ಆದರೆ ಸುಸ್ಥಿತಿಯಲ್ಲಿರುವ ಸಾಮಗ್ರಿಯನ್ನು ಮಾಜಿ ಸೈನಿಕರಿಗಾಗಿ ದುಡಿಯುವ ಸಂಘಗಳಿಗೆ ದಾನವಾಗಿ ಕೊಡಬಹುದು ಎಂದು. ಓದಿ ಸಂತೋಷವಾಯಿತು. ಆದರೆ ನಮ್ಮ ಆಗಿನ ಸಾಹೇಬರು ಅನುಭವಸ್ಥರು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಚೆನ್ನಾಗಿದೆ ಅಂತ ಬರೆದ್ರೆ, ಚೆನ್ನಾಗಿರೋದು ಹೆಚ್ಚುವರಿ ಹೇಗ್ರೀ ಆಯ್ತು ಅಂತ ಆಡಿಟ್‌ನೋರು ಕೇಳ್ತಾರೆ. ಕೆಟ್ಟಿದೆ ಅಂತ ಬರೆದ್ರೆ, ಸೈನಿಕರಿಗೆ ಕಸ ಕೊಟ್ರಾ ಅಂತ ಪೇಪರ್‌ನೋರು ಕೇಳ್ತಾರೆ. ಇಟ್ಬಿಡಿ."

ಕಡತದ ಮೇಲೆ 'ಚರ್ಚಿಸಿ' ಎಂದು ಬರೆದರು. ಚರ್ಚೆ ಅಲ್ಲಿಗೆ ಮುಗಿದಿತ್ತು.

ಆ ಸುತ್ತೋಲೆಯ ಒಂದು ಪ್ರತಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹವಾಲ್ದಾರರು ನಮ್ಮ ಉಗ್ರಾಣಕ್ಕೆ ಬಂದರು. ನಿವೃತ್ತ ಹವಾಲ್ದಾರ್, ಹೊಸಹಳ್ಳಿಯ ಕಡೆ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನಡೆಯುತ್ತಿದ್ದ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ. ಬಿಳಿ ಕ್ಯಾನ್ವಾಸ್ ಶೂಗಳಿಗೆ ಗಿರಣಿಯ ಹಿಟ್ಟು ಹತ್ತಿಕೊಂಡಿತ್ತು. ಕೂರಿ ಎಂದ ಮೇಲೆಯೇ ಕೂತರು. ಸಂಘಕ್ಕೆ ಬೀರು ಕೇಳುತ್ತಾರೆಂದು ನಾನು ಎಣಿಸಿದ್ದೆ.

"ಬೀರು ಬೇಡ ಸಾಬ್. ಆ ಮಂಚ ಒಂದು ಬೇಕು."

ಮಂಚ ಬೇಕಾಗಿದ್ದುದು ಅವರ ಹಳೆಯ ಜೊತೆಗಾರ ಸಿಪಾಯಿಗೆ. ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬುವ ಮೊದಲೇ ಸೈನ್ಯ ಬಿಟ್ಟು ಬಂದು, ಮೈಸೂರು ರಸ್ತೆಯ ಕಾರ್ಖಾನೆಯೊಂದರ ಗೇಟು ಕಾಯ್ದವರು. ಮನೆ ಕೆಂಗೇರಿ ಉಪನಗರದಲ್ಲಿ. ನೀರಿನ ಟ್ಯಾಂಕು ತೊಳೆಯಲು ಹತ್ತಿ ಏಣಿಯಿಂದ ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿತ್ತು. ಮೇಲಕ್ಕೂ ಬಲ ಅಷ್ಟಕ್ಕಷ್ಟೆ. ತಾವಾಗಿ ಎದ್ದು ಕೂರಲು ಆಗದು.

"ಮಲಗಿಸ್ಕೊಂಡು ತಿನ್ನಿಸಿದ್ರೆ ನೆತ್ತಿಗೆ ಹತ್ತುತ್ತೆ ಸಾಬ್. ಅನ್ನ ಶ್ವಾಸಕೋಶಕ್ಕೆ ಹೋದ್ರೆ ಉಳಿಯಲ್ಲ ಅಂದಿದಾರೆ ಡಾಕ್ಟ್ರು. ಬೆನ್ನು ಎತ್ತಿ ತಿನ್ನಿಸ್ಬೇಕು, ಆಮೇಲೂ ಒಂದು ಗಂಟೆ ಹಂಗೇ ಇಟ್ಟಿರ್ಬೇಕು. ಮನೇಲಿ ಅವ್ರ ಹೆಂಡ್ತಿ ಒಬ್ರೇ. ಅವ್ರು ಬೆನ್ನು ಹಿಡೀತಾರೋ, ಚಮಚ ಹಿಡೀತಾರೋ?"

ಆಗ ನಾನು ನನ್ನ ಸೇವಾವಧಿಯ ಏಕೈಕ ಸಾಹಸ ಮಾಡಿದೆ. ದಾನದ ಕಡತವನ್ನು ಮುಟ್ಟದೆ, ಮೇಜಿನ ಖಾನೆಯಿಂದ ಒಂದು 'ತಾತ್ಕಾಲಿಕ ವಿತರಣಾ ಚೀಟಿ' ತೆಗೆದೆ. ಪಕ್ಕದ ವಿಭಾಗಕ್ಕೆ ಎರಡು ದಿನಕ್ಕೆ ಕುರ್ಚಿ ಕೊಡುವಾಗ ಬರೆಯುವ ಹಳದಿ ಚೀಟಿ ಅದು. ಅದರಲ್ಲಿ ಮಂಚದ ಸಂಖ್ಯೆ ಬರೆದು, ಕೆಂಗೇರಿಯ ವಿಳಾಸ ಬರೆದು, ಸಹಿ ಹಾಕಿಸಿಕೊಂಡೆ. ಸಾಹೇಬರಿಗೆ ಹೇಳಿದಾಗ ಅವರು ಕಿಟಕಿಯ ಕಡೆ ನೋಡುತ್ತಾ, "ನಂಗೆ ಹೇಳ್ಬೇಡಿ," ಎಂದರು. ಅದನ್ನು ಮಂಜೂರಾತಿ ಎಂದು ಭಾವಿಸಿದೆ. ಸಂಜೆಗೆ ಮಂಚ ಟೆಂಪೋ ಹತ್ತಿತು.

ಮಂಚ ಹೋದರೂ ಅದರ ಮೇಲಿನ ಸರ್ಕಾರದ ಹಕ್ಕು ಹೋಗಲಿಲ್ಲ. ಪ್ರತಿ ಮಾರ್ಚಿನಲ್ಲಿ ಉಗ್ರಾಣದ ಸಾಮಾನನ್ನು ಒಂದೊಂದಾಗಿ ಕಣ್ಣಾರೆ ಕಂಡು ಗುರುತು ಹಾಕಬೇಕು. ಹಾಗಾಗಿ ಮಾರ್ಚಿನ ಒಂದು ಮಧ್ಯಾಹ್ನ, ರಿಜಿಸ್ಟರನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ನಾನು ಕೆಂಗೇರಿ ಉಪನಗರಕ್ಕೆ ಹೋದೆ. ಮಂಚದ ಸಂಖ್ಯೆಯನ್ನು ತಲೆಯ ಕಡೆ, ಚೌಕಟ್ಟಿನ ಅಡಿಯಲ್ಲಿ, ಹಳದಿ ಬಣ್ಣದಲ್ಲಿ ಬರೆದಿದ್ದರು. ಮೇಲೆ ಸಿಪಾಯಿಯವರು ಮಲಗಿದ್ದರು. ನಾನು ನೆಲದ ಮೇಲೆ ಮೊಣಕಾಲೂರಿ, ಕುತ್ತಿಗೆ ತಿರುಚಿ, ಸಂಖ್ಯೆಯನ್ನು ಗಟ್ಟಿಯಾಗಿ ಓದಿದೆ.

ಮೇಲಿನಿಂದ ಧ್ವನಿ ಬಂತು: "ಹಾಜರ್ ಸಾಬ್!"

ನಾನು ಎದ್ದು ನಿಂತೆ. ಸಿಪಾಯಿಯವರು ಗಂಭೀರವಾಗಿ ತಾರಸಿ ನೋಡುತ್ತಿದ್ದರು.

"ನನ್ನನ್ನೂ ಬರ್ಕೊಂಡ್ಬಿಡಿ ಸಾಬ್. ಹಳೇ ನಂಬರು ಸೈನ್ಯದೋರು ಇಟ್ಕೊಂಡ್ರು. ನೀವೊಂದು ಕೊಡಿ, ಹಳದಿ ಬಣ್ಣದಲ್ಲೇ ಬರೀರಿ."

"ಸುಮ್ನಿರಿ ಅಂದ್ರೆ," ಎಂದು ಅಡುಗೆಮನೆಯಿಂದ ಅವರ ಹೆಂಡತಿ ಬಂದರು. "ಸೊಂಟದಿಂದ ಕೆಳಗೆ ರಿಟೈರ್ ಆಯ್ತು ಸಾರ್ ಇವ್ರಿಗೆ. ನಾಲಿಗೆ ಮಾತ್ರ ಇನ್ನೂ ಸರ್ವಿಸ್‌ನಲ್ಲೇ ಇದೆ."

ಅವರು ಮಂಚದ ಹಿಡಿಗೆ ಕೊಬ್ಬರಿ ಎಣ್ಣೆ ಬಿಟ್ಟು ನುಣ್ಣಗೆ ಇಟ್ಟಿದ್ದರು. ದಿನಕ್ಕೆ ಮೂರು ಸಲ, ಹದಿನೆಂಟು ಸುತ್ತು. ಎಣಿಸಿಯೇ ತಿರುಗಿಸುತ್ತಿದ್ದರು, ಹದಿನೇಳಕ್ಕೆ ನಿಲ್ಲಿಸಿದರೆ ಕೆಮ್ಮು, ಹತ್ತೊಂಬತ್ತಕ್ಕೆ ಹೋದರೆ ಜಾರುತ್ತಾರಂತೆ. ನನ್ನೆದುರೇ ತಿರುಗಿಸಿ, ಮೊಸರನ್ನ ತಿನ್ನಿಸಿ, ಬಾಯಿ ಒರೆಸಿ, ಹಾಗೇ ಬಿಟ್ಟು ಬಟ್ಟೆ ಒಗೆಯಲು ಹೋದರು. ಬಟ್ಟೆ ಒಗೆಯಲು ಹೋಗಬಹುದು ಎಂಬುದೇ ಆ ಮಂಚದ ಮಹಿಮೆ ಎಂದು ನನಗೆ ಅಲ್ಲಿ ತಿಳಿಯಿತು. ರಿಜಿಸ್ಟರಿನಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಬರೆದೆ. ಮೂವತ್ತೊಂದು ವರ್ಷದಲ್ಲಿ ಆ ಪದವನ್ನು ಸಾವಿರಾರು ಸಲ ಬರೆದಿದ್ದೇನೆ, ನಂಬಿ ಬರೆದದ್ದು ಆವತ್ತು.

ಮರುವರ್ಷವೂ ಹೋದೆ. ಮೂರನೆಯ ಮಾರ್ಚಿಗೆ ಮೊದಲು ಸಾಹೇಬರು ವರ್ಗವಾಗಿ ಅವರ ಜಾಗಕ್ಕೆ ಒಬ್ಬ ಮೇಡಂ ಬಂದರು. ನನ್ನ ಮಗಳ ವಯಸ್ಸು. ಇಲ್ಲಿ ಓದುಗರು ಖಳನಾಯಕಿಯನ್ನು ನಿರೀಕ್ಷಿಸಿದರೆ ನನ್ನಲ್ಲಿ ದಾಸ್ತಾನು ಇಲ್ಲ. ಆಕೆ ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ರಿಜಿಸ್ಟರನ್ನು ಮೊದಲ ಪುಟದಿಂದ ಓದಿದರು, ಹಳದಿ ಚೀಟಿ ಸಿಕ್ಕಿತು.

"ತಾತ್ಕಾಲಿಕ ಅಂತ ಮೂರು ವರ್ಷಾನಾ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು.

"ನೋಡಿ, ಮುಂದಿನ ವರ್ಷ ನೀವು ರಿಟೈರ್ ಆಗ್ತೀರಿ. ನಾನೂ ಎಲ್ಲೋ ಹೋಗ್ತೀನಿ. ಆಮೇಲೆ ಬರೋವ್ರು ಆ ಅಮ್ಮನ ಮನೆಗೆ ನೋಟಿಸ್ ಕಳ್ಸಿದ್ರೆ? ಸರ್ಕಾರಿ ಸ್ವತ್ತು ಇಟ್ಕೊಂಡಿದೀರ ಅಂತ? ಅದಕ್ಕಿಂತ ದಾನಾನೇ ಮಾಡ್ಬಿಡೋಣ. ಗಾಲಿಕುರ್ಚಿ, ಬೀರು ಎಲ್ಲಾ ಸೇರಿಸಿ. ಪಕ್ಕಾ ಮಾಡೋಣ."

ಅವರ ಮಾತಿನಲ್ಲಿ ತಪ್ಪು ಹುಡುಕಲು ಈಗಲೂ ನನ್ನಿಂದ ಆಗಿಲ್ಲ. ಆ ವಾರ ನನ್ನ ಜೀವಮಾನದ ಅತ್ಯುತ್ತಮ ಟಿಪ್ಪಣಿ ಬರೆದೆ. ಯೋಧರು, ಋಣ, ಕರ್ತವ್ಯ ಮೊದಲಾದ ಪದಗಳನ್ನು ಕಬ್ಬಿಣದ ಬೀರುಗಳ ಜೊತೆ ಒಂದೇ ವಾಕ್ಯದಲ್ಲಿ ಕೂರಿಸಿದೆ. ಮೂರೇ ವಾರದಲ್ಲಿ ಕೇಂದ್ರ ಕಚೇರಿಯಿಂದ ಒಪ್ಪಿಗೆ ಬಂತು. ಅಷ್ಟು ಬೇಗ ಬಂದಾಗಲೇ ನಾನು ಅನುಮಾನ ಪಡಬೇಕಿತ್ತು.

ಒಪ್ಪಿಗೆಯ ಕೆಳಗೆ ಷರತ್ತು ಇತ್ತು. ದಾನಕ್ಕೆ ಕೊಡುವ ಎಲ್ಲ ಸಾಮಗ್ರಿಯನ್ನೂ ಕಚೇರಿಯ ಆವರಣದಲ್ಲಿ ಒಟ್ಟುಗೂಡಿಸಬೇಕು. ಸಮಿತಿ ಅವನ್ನು ಪರಿಶೀಲಿಸಬೇಕು. ಅನಂತರ ಒಂದು ಚಿಕ್ಕ ಸಮಾರಂಭದಲ್ಲಿ ಸಂಘಕ್ಕೆ ಹಸ್ತಾಂತರಿಸಬೇಕು. ಕಚೇರಿಯ ವಶದಲ್ಲಿ ಇಲ್ಲದ ವಸ್ತುವನ್ನು ಕಚೇರಿ ದಾನ ಮಾಡಲು ಬರುವುದಿಲ್ಲ.

ಅಂದರೆ, ಸಿಪಾಯಿಗೆ ಮಂಚ ಕೊಡಬೇಕಾದರೆ ಮೊದಲು ಸಿಪಾಯಿಯ ಕೆಳಗಿನಿಂದ ಮಂಚ ತೆಗೆಯಬೇಕು.

ಸೋಮವಾರ ನಾನೇ ಟೆಂಪೋದಲ್ಲಿ ಕೂತು ಹೋದೆ. ಹವಾಲ್ದಾರರೂ ಬಂದಿದ್ದರು. ಪಕ್ಕದ ಮನೆಯವರಿಂದ ಒಂದು ಮರದ ಮಂಚ ತಂದು ಹಾಕಿದ್ದರು. ಎತ್ತಿ ಮಲಗಿಸುವಾಗ ಸಿಪಾಯಿಯವರು, "ವರ್ಗಾವಣೆ ಆರ್ಡರ್ ಬಂತೇನೋ," ಎಂದರು. ನಾನು ಅವರ ಹೆಂಡತಿಗೆ ವಿವರಿಸಿದೆ: ನಾಳೆ ಸಮಿತಿ, ನಾಡಿದ್ದು ಸಮಾರಂಭ, ನಾಡಿದ್ದು ಸಂಜೆಗೆ ಮಂಚ ಮನೆಗೆ, ಆಮೇಲೆ ಅದನ್ನು ಯಾರೂ ಕೇಳುವ ಹಾಗಿಲ್ಲ.

"ಎರಡೇ ದಿನ ತಾನೇ ಸಾರ್?"

"ಎರಡೇ ದಿನ ಅಮ್ಮ."

"ಹೋಗ್ಲಿ ಬಿಡಿ. ದಿಂಬು ಇದೆ, ಟ್ರಂಕ್ ಇದೆ. ಒರಗಿಸ್ಕೋತೀನಿ."

ಮಂಗಳವಾರ ಸಮಿತಿಯ ಇಬ್ಬರು ಬಂದರು, ಮೂರನೆಯವರನ್ನು ಹಿಂದಿನ ಸಂಜೆಯೇ ಯಾವುದೋ ಸಮೀಕ್ಷೆಯ ಕೆಲಸಕ್ಕೆ ಹಾಕಿದ್ದರು. ಇಬ್ಬರು ಚಹಾ ಕುಡಿದು ಹೋದರು. ಗುರುವಾರ ಮೂರನೆಯವರು ಬಂದರು. ಮೊದಲಿನ ಇಬ್ಬರಲ್ಲಿ ಒಬ್ಬರಿಗೆ ವರ್ಗವಾಗಿತ್ತು. ಅವರ ಬದಲಿಗೆ ಇನ್ನೊಬ್ಬರನ್ನು ನೇಮಿಸಲು ಆದೇಶ ಬೇಕು, ಆದೇಶಕ್ಕೆ ಪ್ರಸ್ತಾವನೆ ಬೇಕು, ಪ್ರಸ್ತಾವನೆ ಬರೆಯಬೇಕಾದವನು ನಾನು. ಬರೆದೆ. ಖುದ್ದಾಗಿ ಕೊಂಡೊಯ್ದು ಕೊಟ್ಟೆ. ಅಲ್ಲಿಯ ಗುಮಾಸ್ತರು, "ಏನ್ ಸಾರ್ ಇಷ್ಟು ಅರ್ಜೆಂಟು, ಮಂಚಕ್ಕೆ?" ಎಂದರು. ನಾನು ನಗಬೇಕೆಂದು ನಿರೀಕ್ಷಿಸಿ ಅವರೇ ನಕ್ಕರು.

ಮಂಚ ನನ್ನ ಮೇಜಿನಿಂದ ಆರು ಅಡಿ ದೂರದಲ್ಲಿತ್ತು. ಹಿಡಿಗೆ ದಾರ ಸುತ್ತಿ, ಅರಗಿನ ಮುದ್ರೆ ಒತ್ತಿ, 'ದಾನಕ್ಕೆ' ಎಂದು ಚೀಟಿ ಅಂಟಿಸಲಾಗಿತ್ತು. ನಾನು ಅದರ ಎದುರೇ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದೆ. ಊಟ ಇಳಿಯುತ್ತಿತ್ತು, ಕೂತು ತಿನ್ನುತ್ತಿದ್ದೆನಲ್ಲ.

ಮೊದಲ ವಾರ ಸಿಪಾಯಿಯ ಹೆಂಡತಿ ಮೂರು ಸಲ ಫೋನ್ ಮಾಡಿದರು. ಟ್ರಂಕು ಜಾರುತ್ತದೆ, ಗೋಡೆಗೆ ಒರಗಿಸಿದರೆ ಪಕ್ಕಕ್ಕೆ ವಾಲುತ್ತಾರೆ, ಒಂದು ಕೈಯಲ್ಲಿ ಹೆಗಲು ಹಿಡಿದು ಇನ್ನೊಂದರಲ್ಲಿ ತಿನ್ನಿಸುತ್ತೇನೆ ಎಂದರು. "ನಾಳೆ ಆಗ್ಬಹುದು ಅಮ್ಮ," ಎಂದೆ, ಮೂರು ಸಲವೂ. ಎರಡನೆಯ ವಾರ ಅವರು ಫೋನ್ ಮಾಡಲಿಲ್ಲ. ಫೋನ್ ಬಾರದೆ ಇದ್ದದ್ದು ಹೆಚ್ಚು ಕೇಳಿಸಿತು.

ಬಾಡಿಗೆಗೆ ಇನ್ನೊಂದು ಮಂಚ ಕೊಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನನ್ನು ನಾನೂ ಕೇಳಿಕೊಂಡಿದ್ದೇನೆ. ಉತ್ತರ ಇಷ್ಟೇ: ಪ್ರತಿ ಬೆಳಿಗ್ಗೆಯೂ ಅದು ನಾಳೆ ಬರುವ ಮಂಚವಾಗಿತ್ತು. ನಾಳೆ ಬರುವುದಕ್ಕೆ ಇವತ್ತು ಯಾರು ಬಾಡಿಗೆಗೆ ತರುತ್ತಾರೆ? ಹೀಗೆ ಹದಿನಾಲ್ಕು ನಾಳೆ ಕಳೆದವು.

ಹದಿನೈದನೆಯ ದಿನ ಹವಾಲ್ದಾರರ ಫೋನ್ ಬಂತು. "ನೆನ್ನೆ ಮಧ್ಯಾಹ್ನ ನೆತ್ತಿಗೆ ಹತ್ತಿ, ಮುಖ ಎಲ್ಲಾ ನೀಲಿಗಟ್ಟಿ ಆಸ್ಪತ್ರೆಗೆ ಒಯ್ದಿದ್ವಿ ಸಾಬ್. ಕಫ ಕಟ್ಟಿದೆ ಅಂತಾರೆ. ಇವತ್ತು ಮನೆಗೆ ಕಳ್ಸಿದಾರೆ." ಆಮೇಲೆ, "ಮಂಚ?" ಎಂದರು.

ನಾನು ಮೇಡಂ ಬಳಿ ಹೋಗಿ, ಇನ್ನೊಂದು ಹಳದಿ ಚೀಟಿ ಬರೆಯುತ್ತೇನೆ ಎಂದೆ. ಅವರ ಮುಖ ಬಾಡಿತು.

"ಸೀಲ್ ಆಗಿದೆ. ಪಟ್ಟಿ ಮೇಲಕ್ಕೆ ಹೋಗಿದೆ. ಪಟ್ಟಿಯಲ್ಲಿರೋದು ಒಂದು ಇಲ್ಲ ಅಂದ್ರೆ ಇಡೀ ದಾನ ನಿಲ್ಲಿಸ್ತಾರೆ. ಗಾಲಿಕುರ್ಚಿಗೆ ಕಾಯ್ತಿರೋ ನಾಲ್ಕು ಜನ ಇದಾರೆ ಅಂತ ಸಂಘದೋರೇ ಪತ್ರ ಕೊಟ್ಟಿದಾರೆ. ಅವ್ರಿಗೆ ಏನು ಹೇಳ್ಲಿ?" ಎಂದವರು, ಕೊನೆಗೆ, "ನಂಗೂ ನಿದ್ದೆ ಬರ್ತಿಲ್ಲ," ಎಂದರು.

ಉಗ್ರಾಣದ ಬೀಗದ ಕೈ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಟೆಂಪೋ ಸ್ಟ್ಯಾಂಡು ಗೇಟಿನ ಹೊರಗೇ ಇತ್ತು. ಮುದ್ರೆಯ ಅರಗು ಉಗುರಿನಿಂದ ಕೆರೆದರೆ ಬರುವಂಥದ್ದು. ಇದೆಲ್ಲ ಇದ್ದೂ ನಾನು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ನಿವೃತ್ತಿಗೆ ಹತ್ತು ತಿಂಗಳಿತ್ತು. ಅದು ಕಾರಣವೋ, ನಾಲ್ಕು ಗಾಲಿಕುರ್ಚಿ ಕಾರಣವೋ, ಅಥವಾ ಮೂವತ್ತು ವರ್ಷ ಮುದ್ರೆ ಒತ್ತಿದ ಕೈಗೆ ಮುದ್ರೆ ಕೀಳಲು ಬರುವುದಿಲ್ಲವೋ, ತೀರ್ಮಾನಿಸಲು ಇಲ್ಲಿ ಸಮಿತಿ ಇಲ್ಲ.

ಹದಿನೆಂಟನೆಯ ದಿನ ಮೂವರೂ ಸೇರಿದರು. ಪರಿಶೀಲನೆಗೆ ಹನ್ನೊಂದು ನಿಮಿಷ ಹಿಡಿಯಿತು. ಹೊಸ ಸದಸ್ಯರು ಮುದ್ರೆ ಒಡೆದು, ಮಂಚದ ಹಿಡಿ ತಿರುಗಿಸಿ, ತಲೆಯ ಭಾಗ ಏಳುವುದನ್ನು ನೋಡಿ, "ಚೆನ್ನಾಗೇ ಇದೆಯಲ್ರೀ, ಯಾಕೆ ಕೊಡ್ತಿದೀರಿ?" ಎಂದರು. ಮೇಡಂ ಪಟ್ಟಿ ಮುಂದಿಟ್ಟು ಸಹಿ ಹಾಕಿಸಿದರು.

ಮರುದಿನ ಬೆಳಿಗ್ಗೆ ಸಮಾರಂಭ. ಶಾಮಿಯಾನ, ಬ್ಯಾನರ್, ಮೈಕು. ಬೀರುಗಳಿಗೆ ಅರಿಶಿನ ಕುಂಕುಮ, ಮಂಚಕ್ಕೆ ಚೆಂಡುಹೂವಿನ ಹಾರ. ಅತಿಥಿಗಳು ದೇಶದ ಗಡಿಯ ಬಗ್ಗೆ ಮಾತಾಡಿದರು. ಹವಾಲ್ದಾರರಿಗೆ ಶಾಲು ಹೊದಿಸಿ, ಮಂಚದ ಒಂದು ತುದಿಯನ್ನು ಅವರೂ ಇನ್ನೊಂದು ತುದಿಯನ್ನು ಅತಿಥಿಗಳೂ ಹಿಡಿದು ಫೋಟೊ ತೆಗೆಸಿಕೊಂಡರು. ಫೋಟೊ ಆದ ಮೇಲೆ ನಾನು ಟೆಂಪೋಗೆ ಹೇಳಲು ಹೊರಟೆ. ಹವಾಲ್ದಾರರು ನನ್ನ ತೋಳು ಹಿಡಿದರು.

"ಟೆಂಪೋ ಬಂದಿದೆ ಸಾಬ್. ಆದ್ರೆ ಕೆಂಗೇರಿಗಲ್ಲ."

ಮಂಚ ಈಗ ಸಂಘದ್ದು. ಸಂಘಕ್ಕೊಂದು ಕಾರ್ಯಕಾರಿ ಸಮಿತಿ, ಅದಕ್ಕೊಂದು ಕಾಯುವವರ ಪುಸ್ತಕ. ತಮ್ಮವರಿಗೇ ಕೊಟ್ಟುಕೊಂಡರು ಎಂಬ ಮಾತು ಬರಬಾರದೆಂದು, ಪುಸ್ತಕದಲ್ಲಿ ಮೊದಲು ಹೆಸರು ಬರೆಸಿದವರಿಗೆ ಮೊದಲು ಎಂದು ಹವಾಲ್ದಾರರೇ ಹಿಂದೆ ನಿಯಮ ಮಾಡಿದ್ದರು. ಮಂಚಕ್ಕೆ ಮೊದಲ ಹೆಸರು ಅನ್ನಪೂರ್ಣೇಶ್ವರಿ ನಗರದ ಒಬ್ಬರದು, ಪಾರ್ಶ್ವವಾಯು ಹೊಡೆದು ಎರಡು ವರ್ಷದಿಂದ ಮಲಗಿದವರು. ಅವರ ಮಗ ಹಗ್ಗ ಹಿಡಿದುಕೊಂಡು ಶಾಮಿಯಾನದ ಹೊರಗೆ ನಿಂತಿದ್ದ.

"ಮತ್ತೆ ನಮ್ಮ ಸಿಪಾಯಿ?"

"ಅವ್ರ ಹೆಸ್ರೇ ಇರ್ಲಿಲ್ಲ ಸಾಬ್. ಅವ್ರಿಗೆ ಮಂಚ ಇತ್ತಲ್ಲ. ಮಂಚ ಇರೋವ್ರ ಹೆಸ್ರು ಯಾಕೆ ಬರೀತೀವಿ?" ಹವಾಲ್ದಾರರು ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. "ನೆನ್ನೆ ಮೀಟಿಂಗಲ್ಲಿ ಹೇಳಿದೆ. ಎಲ್ರೂ ಪಾಪ ಅಂದ್ರು. ಏಳನೇ ಹೆಸ್ರಾಗಿ ಬರ್ಕೊಂಡ್ರು. ನಾನೇ ಬರ್ದೆ."

ಆ ಮಗ ನಮ್ಮಿಬ್ಬರ ಬಳಿಗೆ ಬಂದು, "ಅಂಕಲ್, ತುಂಬಾ ಥ್ಯಾಂಕ್ಸ್, ಅಪ್ಪಂಗೆ ಬೆನ್ನೆಲ್ಲಾ ಹುಣ್ಣಾಗಿದೆ," ಎಂದು ನನ್ನ ಕಾಲು ಮುಟ್ಟಿದ. ಹಾರವನ್ನು ಮಂಚದಿಂದ ತೆಗೆಯಲು ಕೂಡ ಅವನಿಗೆ ಸಮಯವಿರಲಿಲ್ಲ. ಹಗ್ಗ ಕಟ್ಟಲು ನಾನೇ ಒಂದು ತುದಿ ಹಿಡಿದುಕೊಂಡೆ. ಬೇರೆ ಏನು ಮಾಡಬಹುದಿತ್ತು?

"ಅಮ್ಮಂಗೆ ನೀವೇ ಹೇಳಿ ಸಾಬ್," ಎಂದರು ಹವಾಲ್ದಾರರು. "ಗುಂಡಿನ ಮುಂದೆ ನಿಂತಿದೀನಿ. ಅವ್ರ ಮುಂದೆ ನಂಗಾಗಲ್ಲ."

ವಿಜಯನಗರದಲ್ಲಿ ಆಸ್ಪತ್ರೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗೆ ಮೊದಲು ಹೋದೆ. ಹಿಡಿ ಇರುವ ಮಂಚಗಳೆಲ್ಲ ಹೊರಗೆ ಹೋಗಿದ್ದವು. ಸೋಮವಾರ ಒಂದು ವಾಪಸು ಬರುತ್ತದೆ, ಬಂದ ಕೂಡಲೇ ಕಳಿಸುತ್ತೇನೆ ಎಂದರು. ವಾಪಸು ಯಾಕೆ ಬರುತ್ತದೆ ಎಂದು ಕೇಳಲಿಲ್ಲ. ಅಲ್ಲಿಂದ ಮೆಟ್ರೊ ಹತ್ತಿದೆ. ಕೆಂಗೇರಿ ಬರುವ ತನಕ ಹೇಳಬೇಕಾದ ಮಾತನ್ನು ಟಿಪ್ಪಣಿಯಂತೆ ಮನಸ್ಸಿನಲ್ಲಿ ಬರೆದು ಹೊಡೆದು ಮಾಡಿದೆ. 'ಈ ಮೂಲಕ ತಿಳಿಸುವುದೇನೆಂದರೆ' ಎಂಬಲ್ಲಿಂದ ಮುಂದೆ ಹೋಗಲಿಲ್ಲ.

ಬಾಗಿಲು ತೆರೆದೇ ಇತ್ತು. ಸಿಪಾಯಿಯವರು ಮರದ ಮಂಚದ ಮೇಲೆ ಚಪ್ಪಟೆಯಾಗಿ ಮಲಗಿದ್ದರು. ಹದಿನೆಂಟು ದಿನಕ್ಕೆ ಕೆನ್ನೆಯ ಮೂಳೆ ಕಾಣುವಂತಾಗಿತ್ತು. ಎದೆಯೊಳಗೆ ಗೊರಗೊರ ಸದ್ದು. ನನ್ನನ್ನು ನೋಡಿ ಹುಬ್ಬು ಮಾತ್ರ ಎತ್ತಿದರು, ನಾಲಿಗೆ ಏನೂ ಹೇಳಲಿಲ್ಲ. ಅವರ ಹೆಂಡತಿ ನನ್ನ ಹಿಂದೆ, ಬೀದಿಯ ಕಡೆ ನೋಡಿದರು. ಟೆಂಪೋ ಕಾಣಲಿಲ್ಲ.

ನಿಂತುಕೊಂಡೇ ಹೇಳಿದೆ. ಸಂಘ, ಪುಸ್ತಕ, ಏಳನೆಯ ಹೆಸರು, ಎಲ್ಲವನ್ನೂ ಬಿಡದೆ ಹೇಳಿದೆ. ಸೋಮವಾರ ಬಾಡಿಗೆ ಮಂಚ ಬರುತ್ತದೆ ಎಂದೂ ಹೇಳಿದೆ. ಅವರು ಕೊನೆಯ ತನಕ ಕೇಳಿದರು. ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅವ್ರಿಗೂ ಹುಣ್ಣಾಗಿದೆ ಅಂದ್ರಲ್ಲ, ಪಾಪ," ಎಂದರು. ಆಮೇಲೆ ಗಡಿಯಾರ ನೋಡಿದರು. "ಸೋಮವಾರ ಸರಿ ಸಾರ್. ಈಗ ಊಟದ ಹೊತ್ತು."

ಒಳಗಿನಿಂದ ರಾಗಿ ಅಂಬಲಿಯ ಬಟ್ಟಲು ತಂದು ಸ್ಟೂಲಿನ ಮೇಲಿಟ್ಟರು. ಟ್ರಂಕನ್ನು ಎಳೆಯಲು ಬಗ್ಗಿದರು. ನಾನು ಬೇಡ ಎಂದು, ಚಪ್ಪಲಿ ಬಿಟ್ಟು, ಮಂಚ ಹತ್ತಿದೆ. ಇಬ್ಬರೂ ಸೇರಿ ಸಿಪಾಯಿಯವರ ಹೆಗಲು ಹಿಡಿದು ಎಬ್ಬಿಸಿದೆವು. ನಾನು ಅವರ ಹಿಂದೆ, ಅವರ ಬೆನ್ನಿಗೆ ಬೆನ್ನು ಕೊಟ್ಟು, ಪಾದಗಳನ್ನು ಗೋಡೆಗೆ ಊರಿ ಕೂತೆ. ಅಷ್ಟು ದೊಡ್ಡ ಆಳು ಇಷ್ಟು ಹಗುರವಾಗಿದ್ದಾರೆಂದು ನನಗೆ ತಿಳಿದಿರಲಿಲ್ಲ. ಮೊದಲಿಗೆ ನಾನು ನೇರವಾಗಿ ಕೂತಿದ್ದೆ.

"ಸ್ವಲ್ಪ ಮುಂದಕ್ಕೆ ಬಗ್ಗಿ ಸಾರ್," ಎಂದರು ಆಕೆ. ಬಗ್ಗಿದೆ. "ಇನ್ನೊಂಚೂರು. ಹಾಂ, ಸಾಕು. ಅಲ್ಲೇ ಇರಿ."

ನನಗೆ ಕಾಣುತ್ತಿದ್ದುದು ಗೋಡೆಯ ಸುಣ್ಣ ಮಾತ್ರ. ಹಿಂದೆ ಚಮಚ ಬಟ್ಟಲಿಗೆ ತಾಗುವ ಸದ್ದು, ನುಂಗುವ ಸದ್ದು. ಪ್ರತಿ ಗುಟುಕಿಗೂ ಅವರ ಬೆನ್ನಿನ ಮೂಳೆ ನನ್ನ ಬೆನ್ನಿನಲ್ಲಿ ಒಮ್ಮೆ ಅಲುಗುತ್ತಿತ್ತು. ಒಂದು ಸಲ ಕೆಮ್ಮು ಬಂತು, ನಾವಿಬ್ಬರೂ ಉಸಿರು ಹಿಡಿದೆವು, ನಿಂತಿತು. ಬಟ್ಟಲು ಖಾಲಿಯಾಗಲು ಅರ್ಧ ಗಂಟೆ ಹಿಡಿಯಿತು. ಬಾಯಿ ಒರೆಸಿದ ಮೇಲೆ ಆಕೆ, "ಇನ್ನೊಂದು ಗಂಟೆ ಹಂಗೇ ಇರ್ಬೇಕಲ್ಲ ಸಾರ್," ಎಂದರು, ಕೇಳಲು ಸಂಕೋಚವಾದವರಂತೆ.

"ಇರ್ತೀನಿ ಅಮ್ಮ. ನೀವು ಹೋಗಿ, ಬಟ್ಟೆ ಒಗೀರಿ," ಎಂದೆ.

ಅವರು ಹೋದರು. ಹಿತ್ತಲಿನಲ್ಲಿ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಆವತ್ತು ಶುಕ್ರವಾರ.